ಕರಾಚಿಗೆ ಹೊರಟ ಟೊಪ್ಪಿಗಳು

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಸುದ್ದಿಯನ್ನು ಕಾಸರಗೋಡಿನಲ್ಲಿ ಹಬ್ಬಿಸಿದವನು ನಾನೇ. ಇಷ್ಟು ವರ್ಷಗಳಾದ ಮೇಲೆ ಒಪ್ಪಿಕೊಂಡರೆ ನಷ್ಟವೇನೂ ಇಲ್ಲ. ಶಿರಿಯದಿಂದ ಕೆಲಸ ಹುಡುಕಿಕೊಂಡು ಬಂದ ಹೊಸದರಲ್ಲಿ ಮೂರು ದಿನ ಹಳೆಯ ಇಂಗ್ಲಿಷ್ ಪತ್ರಿಕೆಯೊಂದನ್ನು ಬಗಲಲ್ಲಿ ಮಡಚಿಟ್ಟುಕೊಂಡು ಓಡಾಡುತ್ತಿದ್ದೆ, ಅಷ್ಟೇ. ಉಳಿದದ್ದನ್ನು ಊರಿನವರು ನೋಡಿಕೊಂಡರು. ನಾವು ಹೇಳಿದ ಸುಳ್ಳನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಅದೇ ಸುಳ್ಳನ್ನು ನಾಲ್ಕು ಜನ ನಮಗೇ ತಿರುಗಿ ಹೇಳತೊಡಗಿದರೆ ಮಾತ್ರ, ಇದ್ದರೂ ಇರಬಹುದು ಅನಿಸಿಬಿಡುತ್ತದೆ. ಹೀಗೆ ನನಗೂ ಅನಿಸಿದ ಕಾಲದಲ್ಲೇ ಮಮ್ಮುಂಞಿ ಹಾಜಿಯವರು ನನ್ನನ್ನು ತಮ್ಮ ಅಂಗಡಿಗೆ ಗುಮಾಸ್ತನನ್ನಾಗಿ ಸೇರಿಸಿಕೊಂಡರು.

ಹಾಜಿಯವರದು ಟೊಪ್ಪಿ ವ್ಯಾಪಾರ. ನಮ್ಮೂರಿನ ಟೊಪ್ಪಿಯೆಂದರೆ ಸಾಮಾನ್ಯದ್ದಲ್ಲ. ತೆಳ್ಳಗಿನ ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನಲ್ಲೇ ಹೂವು, ಬಳ್ಳಿ, ಚಿಕ್ಕಿ. ಹತ್ತಿರ ಹಿಡಿದು ನೋಡಿದವರಿಗಷ್ಟೇ ಅದರ ಕಸುಬು ಕಾಣುವುದು. ಹೊಲಿಯುವವರು ಊರಿನ ಹೆಂಗಸರು. ಅವರಿಗೆಲ್ಲ ಹಿರಿಯಳು ಆಯಿಸುಮ್ಮ ಎಂಬ ಅಜ್ಜಿ. ಹಾಜಿಯವರ ಅಂಗಡಿಗೆ ಬಂದ ಟೊಪ್ಪಿಯನ್ನು ಆಕೆ ಬೆಳಕಿಗೆ ಹಿಡಿದು, ಒಂದು ಹೊಲಿಗೆ ಸೊಟ್ಟಗಿದ್ದರೂ ಹಿಂದಕ್ಕೆ ಕಳಿಸುವವಳು.

ಕರಾಚಿಯ ಒಬ್ಬ ವರ್ತಕರಿಗೆ ನಾವು ಮೊದಲಿಂದಲೂ ಟೊಪ್ಪಿ ಕಳಿಸುತ್ತಿದ್ದೆವು. ಅದಕ್ಕೆ ದೊಡ್ಡ ವಿಧಿವಿಧಾನ ಏನೂ ಇರಲಿಲ್ಲ. ಪೆಟ್ಟಿಗೆ ಕಟ್ಟಿ, ರೈಲಿನಲ್ಲಿ ಮಂಗಳೂರಿಗೆ ಒಯ್ದು, ಅಲ್ಲಿ ಮಂಜಿ ಹಡಗಿಗೆ ಏರಿಸಿದರೆ ಮುಗಿಯಿತು. ಆ ವರ್ತಕರು ಎರಡು ಪೆಟ್ಟಿಗೆಯಷ್ಟು ಒಳ್ಳೆಯ ಟೊಪ್ಪಿ ಬೇಕೆಂದು ಬರೆದದ್ದು ಸ್ವಾತಂತ್ರ್ಯ ಬರುವುದಕ್ಕೆ ಕೆಲವು ತಿಂಗಳು ಮೊದಲು. ಯುದ್ಧಕಾಲದಿಂದ ಬಟ್ಟೆಗೆ ಕಂಟ್ರೋಲು. ನಯವಾದ ಬಟ್ಟೆ ಕೂಡಿಸುವುದರಲ್ಲೇ ಹಾಜಿಯವರಿಗೆ ಸಾಕುಸಾಕಾಯಿತು. ಇತ್ತ ಹೆಂಗಸರು ಹೊಲಿಯುತ್ತಿದ್ದ ಹಾಗೇ ಅತ್ತ ದೇಶ ಎರಡಾಯಿತು. ಆರ್ಡರು ಬಂದದ್ದು ನಮ್ಮದೇ ದೇಶದಿಂದ. ಟೊಪ್ಪಿ ಮುಗಿಯುವಾಗ ಆ ಊರು ಪರದೇಶ. ಮರುವರ್ಷದ ಬೇಸಗೆಯ ಹೊತ್ತಿಗೆ ಅದು ಸುಂಕದ ಕಚೇರಿಯ ಲೆಕ್ಕದಲ್ಲಿಯೂ ಪರದೇಶವಾಗಿ, ಮೂರು ಪ್ರತಿ ಫಾರ್ಮು ತುಂಬಿಸಬೇಕು ಎಂದಾಯಿತು.

ಹಾಜಿಯವರು ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಎಂತದು ಶೀನಪ್ಪ ಇದು? ನಿನ್ನೆವರೆಗೆ ಇಲ್ಲದ್ದು! ಕಡಲು ಅದೇ ಅಲ್ವಾ ಮಾರಾಯ?"

"ಕಡಲು ಅದೇ ಹಾಜಿಯವರೇ. ಕಾಗದ ಬೇರೆ," ಎಂದೆ. ನನಗೆ ಒಳಗೊಳಗೆ ಸಂತೋಷವೇ. ನನ್ನ ಇಂಗ್ಲಿಷಿಗೆ ಕೊನೆಗೂ ಒಂದು ಸರಕಾರಿ ಫಾರ್ಮು ಸಿಕ್ಕಿತ್ತು.

ಸರಕಿನ ವಿವರ ಎಂಬಲ್ಲಿ ಬಂದು ನಿಂತೆ. 'ಹ್ಯಾಟ್' ಎಂದು ಬರೆಯೋಣವೆಂದರೆ ಅದು ದೊರೆಗಳು ಹಾಕುವಂಥದು. ನಿಘಂಟು ನೋಡಿ 'ಕ್ಯಾಪ್ಸ್' ಎಂದು ಬರೆದೆ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಮುಂದೆ ಒಂದೂವರೆ ಗೆರೆ ಜಾಗ ಖಾಲಿ ಇತ್ತು. ಖಾಲಿ ಜಾಗ ಕಂಡರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. 'ಪರಿಣತರು ಗುಟ್ಟಾದ ಹಳೆಯ ವಿಧಾನದಿಂದ ಕೈಯಲ್ಲೇ ತಯಾರಿಸಿದ್ದು, ಬಹಳ ಬಲವುಳ್ಳದ್ದು, ನೀರಿಗೆ ಬಿದ್ದರೂ ಗುಣ ಕೆಡುವುದಿಲ್ಲ' ಎಂದು ಇಂಗ್ಲಿಷಿನಲ್ಲಿ ಸೇರಿಸಿದೆ. ತಲೆಗೆ ಚೆನ್ನಾಗಿ ಕೂರುತ್ತದೆ ಎಂದೂ ಬರೆಯುವ ಮನಸ್ಸಿತ್ತು, ಜಾಗ ಸಾಲಲಿಲ್ಲ.

ಪೆಟ್ಟಿಗೆಗಳೂ ಫಾರ್ಮೂ ಮಂಗಳೂರಿನ ಬಂದರಿಗೆ ಹೋದವು. ನಾಲ್ಕನೆಯ ದಿನ ಅಂಗಡಿಗೆ ಸಬ್‌ಇನ್‌ಸ್ಪೆಕ್ಟರು ಬಂದರು. ಹಿಂದೆ ಇಬ್ಬರು ಪೊಲೀಸರು. ಕೈಯಲ್ಲಿ ಸುಂಕದ ಕಚೇರಿಯವರು ಕಳಿಸಿದ ನನ್ನ ಫಾರ್ಮಿನ ಒಂದು ಪ್ರತಿ. ಹಾಜಿಯವರು ಎದ್ದು ನಿಂತು ಕುರ್ಚಿ ಕೊಟ್ಟರು.

"ಇದನ್ನು ಮಾಡುವುದು ಯಾರು ಹಾಜಿಯವರೇ?"

"ನಮ್ಮ ಹೆಂಗಸರು ಸಾರ್. ಅಡುಗೆ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕೂತು ಮಾಡ್ತಾರೆ."

"ಜಗಲಿಯಲ್ಲಾ? ಅಪಾಯ ಅಲ್ವಾ?"

"ಎಂತ ಅಪಾಯ ಸಾರ್! ಒಮ್ಮೊಮ್ಮೆ ಬೆರಳಿಗೆ ಸ್ವಲ್ಪ ಗಾಯ ಆಗ್ತದೆ. ಬಾಯಲ್ಲಿಟ್ಟು ಚೀಪಿದರೆ ಗುಣ."

ಇನ್‌ಸ್ಪೆಕ್ಟರು ಪೊಲೀಸರ ಮುಖ ನೋಡಿದರು. "ಎಷ್ಟು ಮನೆಯಲ್ಲಿ ಉಂಟು ಇದು?"

"ಎಲ್ಲ ಮನೆಯಲ್ಲೂ ಉಂಟು ಸಾರ್," ಎಂದರು ಹಾಜಿಯವರು, ಹೆಮ್ಮೆಯಿಂದ.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಹಂದಿ ಹೊಡೆಯುವ ಕೋವಿಗೆ ಇಡುವ ತಾಮ್ರದ ಪುಟ್ಟ ಸಿಡಿಬಿಲ್ಲೆಗೆ 'ಕೇಪು' ಎನ್ನುತ್ತಾರೆ. ಅದೂ ಇದೇ ಇಂಗ್ಲಿಷ್ ಪದ. ಉತ್ತರದಲ್ಲಿ ಎರಡು ದೇಶಗಳ ನಡುವೆ ಕಾಳಗ ನಡೆಯುತ್ತಿರುವಾಗ, ನೀರಿಗೆ ಬಿದ್ದರೂ ಕೆಡದ, ಬಹಳ ಬಲವುಳ್ಳ ಎರಡು ಪೆಟ್ಟಿಗೆ ಕೇಪನ್ನು ನಾನು ಸಹಿ ಹಾಕಿ ಕರಾಚಿಗೆ ಕಳಿಸಿಬಿಟ್ಟಿದ್ದೆ! ಮೆಲ್ಲಗೆ ಹಾಜಿಯವರ ಬೆನ್ನ ಹಿಂದೆ ಸರಿದೆ. ಮದುವೆಯಾಗಿ ಎಂಟು ತಿಂಗಳಾದ ಹೆಂಡತಿಯ ಮುಖ ಕಣ್ಣೆದುರು ಬಂತು.

"ಲೈಸೆನ್ಸ್ ಎಲ್ಲಿ ಉಂಟು?" ಎಂದರು ಇನ್‌ಸ್ಪೆಕ್ಟರು.

"ಟೊಪ್ಪಿಗೆ ಲೈಸೆನ್ಸಾ ಸಾರ್?"

"ಯಾವ ಟೊಪ್ಪಿ?"

ಹಾಜಿಯವರು ತಲೆಯಿಂದ ಟೊಪ್ಪಿ ತೆಗೆದು, ಎರಡು ಕೈಯಲ್ಲೂ ಹಿಡಿದು ಮೇಜಿನ ಮೇಲಿಟ್ಟರು. "ಇದು ಸಾರ್."

ಇನ್‌ಸ್ಪೆಕ್ಟರು ಟೊಪ್ಪಿಯನ್ನು ನೋಡಿದರು, ಫಾರ್ಮನ್ನು ನೋಡಿದರು, ಮತ್ತೆ ಟೊಪ್ಪಿಯನ್ನು ನೋಡಿದರು. ಆಮೇಲೆ ಅವರು ನಕ್ಕ ನಗುವಿಗೆ ಪಕ್ಕದ ಅಂಗಡಿಯವರೂ ಎದ್ದು ಬಂದರು. "ಈ ಇಂಗ್ಲಿಷ್ ಯಾರದು ಮಾರಾಯ್ರೆ?" ಎಂದು ಕಣ್ಣೊರೆಸಿಕೊಂಡರು.

"ಇವನದೇ ಸಾರ್, ನಮ್ಮ ಶೀನಪ್ಪನದು," ಎಂದು ಹಾಜಿಯವರು ನನ್ನ ಬೆನ್ನು ತಟ್ಟಿದರು. "ತುಂಬಾ ಇಂಗ್ಲಿಷ್ ಉಂಟು ಇವನ ಹತ್ತಿರ."

ನಗುವಿನಿಂದ ಕೆಲಸ ಮುಗಿಯಲಿಲ್ಲ. ಪೆಟ್ಟಿಗೆಗಳು ಮಂಗಳೂರಿನ ಬಂದರಿನಲ್ಲಿ ಮೊಹರು ಬಿದ್ದು ಕೂತಿದ್ದವು. ಮಳೆಗಾಲಕ್ಕೆ ಮುಂಚಿನ ಕೊನೆಯ ಮಂಜಿ ಮರುದಿನ ಮಧ್ಯಾಹ್ನ ಹೊರಡುವುದು. ಅದು ತಪ್ಪಿದರೆ ಕಡಲು ಮುಚ್ಚುತ್ತದೆ, ರಂಜಾನ್ ಕಳೆಯುತ್ತದೆ, ಹೆಂಗಸರ ವರ್ಷದ ದುಡಿಮೆ ಪೆಟ್ಟಿಗೆಯೊಳಗೇ ಹಳದಿಯಾಗುತ್ತದೆ. ಇನ್‌ಸ್ಪೆಕ್ಟರು ಒಂದು ಪತ್ರ ಬರೆದುಕೊಟ್ಟರು. ಬೆಳಗಿನ ರೈಲಿಗೆ ಹಾಜಿಯವರು, ನಾನು ಹೊರಟಾಗ ಸ್ಟೇಷನ್ನಿನಲ್ಲಿ ಆಯಿಸುಮ್ಮ ಮೊದಲೇ ಬಂದು ನಿಂತಿದ್ದಳು. "ನಿಮ್ಮನ್ನು ನಂಬಿದ್ದು ಸಾಕು. ನಾನೂ ಬರ್ತೇನೆ," ಎಂದಳು, ನನ್ನನ್ನೇ ನೋಡಿ.

ಬಂದರಿನ ಸುಂಕದ ಅಧಿಕಾರಿ ಮದರಾಸಿನ ಕಡೆಯವರು. ಕನ್ನಡ ತಿಳಿಯದು. ಇನ್‌ಸ್ಪೆಕ್ಟರರ ಪತ್ರ ಓದಿಯೂ, ಸರಕು ಏನೆಂದು ನೀವೇ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಾಜಿಯವರು ನಿಶ್ಚಿಂತರಾಗಿ ನನ್ನನ್ನು ಮುಂದಕ್ಕೆ ದೂಡಿದರು. ಆ ಕ್ಷಣದಲ್ಲಿ ನನಗೆ ಗೊತ್ತಿದ್ದ ಇಂಗ್ಲಿಷ್ ಎಲ್ಲ ಎಲ್ಲಿಗೆ ಹೋಯಿತೋ ಇವತ್ತಿಗೂ ತಿಳಿಯದು. "ಸಾರ್, ಹೆಡ್ ಸಾರ್. ಮೈ ಹೆಡ್ ಸಾರ್. ನೋ ಗನ್," ಎಂದೆ. ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ತಲೆ ಮುಟ್ಟಿ ತೋರಿಸಿದೆ. ನನಗೆ ತಲೆ ಸರಿಯಿಲ್ಲವೆಂದು ಅವರು ತಿಳಿದುಕೊಂಡ ಹಾಗೆ ಕಂಡಿತು.

ಆಯಿಸುಮ್ಮನಿಗೆ ತಡೆಯಲಿಲ್ಲ. ಆಕೆ ಸೊಂಟದಲ್ಲಿದ್ದ ಪುಟ್ಟ ಚೀಲದಿಂದ ಅರ್ಧ ಹೊಲಿದ ಟೊಪ್ಪಿಯನ್ನು ತೆಗೆದು, ಅಲ್ಲೇ ಬೆಂಚಿನ ಮೇಲೆ ಕೂತು, ಸೂಜಿ ಆಡಿಸುತ್ತ ತನ್ನ ಮಲಯಾಳದಲ್ಲಿ ಹೇಳಿದಳು: "ಇದರಲ್ಲಿ ಸಿಡಿಯುವಂಥದು ಎಂತದೂ ಇಲ್ಲ ಮಗನೇ. ಒಂದು ಟೊಪ್ಪಿಗೆ ಹದಿನೈದು ದಿವಸ ಕಣ್ಣಿಟ್ಟು ಕೂರಬೇಕು. ಅಷ್ಟರಲ್ಲಿ ಸಿಡಿಯುವುದು ನಮ್ಮ ತಲೆ ಮಾತ್ರ." ನನ್ನ ಇಂಗ್ಲಿಷ್ ತಿಳಿಯದ ಅಧಿಕಾರಿಗೆ ತಮಿಳಿಗೆ ಹತ್ತಿರವಿದ್ದ ಅವಳ ಮಲಯಾಳ ಚೆನ್ನಾಗಿಯೇ ತಿಳಿಯಿತು. ಅವರು ಬೆಂಚಿನ ಹತ್ತಿರ ಬಂದು ಬಗ್ಗಿ ನೋಡಿದರು. ಪೆಟ್ಟಿಗೆ ಒಡೆಸಿದರು. ಬಿಳಿ ಟೊಪ್ಪಿಗಳು ಒಂದರೊಳಗೊಂದು ಕೂತಿದ್ದವು.

ಆದರೂ ಕಾನೂನು ಕಾನೂನೇ. ಇದು ಬಟ್ಟೆಯೋ, ಉಡುಪೋ? ಬಟ್ಟೆಯಾದರೆ ಬೇರೆ ಪರ್ಮಿಟ್ ಬೇಕು ಎಂದರು ಅಧಿಕಾರಿ. ಹಾಜಿಯವರ ಮುಖ ಬಾಡಿತು. ಹೊರಗೆ ಮಂಜಿಯವರು ಹಗ್ಗ ಸಡಿಲಿಸುವ ಕೂಗು ಕೇಳಿಸುತ್ತಿತ್ತು. ಆಯಿಸುಮ್ಮ ನೂಲನ್ನು ಹಲ್ಲಿನಿಂದ ಕಡಿದು, "ಬಟ್ಟೆಯಾಗಿದ್ದದ್ದು ಹದಿನೈದು ದಿವಸ ಮೊದಲು," ಎಂದಳು. ಅಧಿಕಾರಿ ನಕ್ಕು, ಹೊಸ ಫಾರ್ಮು ತೆಗೆದು, 'ತಲೆಗೆ ಧರಿಸುವ ಕ್ಯಾಪ್ಸ್' ಎಂದಷ್ಟೇ ತಾವೇ ಬರೆದು ಸಹಿ ಹಾಕಿದರು. ಉಳಿದ ಜಾಗಕ್ಕೆ ಉದ್ದಕ್ಕೆ ಒಂದು ಗೆರೆ ಎಳೆದರು. ನನ್ನಂಥವರಿಗಾಗಿಯೇ ಆ ಗೆರೆ ಇರಬೇಕು.

ಪೆಟ್ಟಿಗೆಗಳು ಮಂಜಿ ಏರಿದವು. ಹಾಯಿ ಅಳಿವೆ ದಾಟುವವರೆಗೆ ಮೂವರೂ ದಕ್ಕೆಯಲ್ಲಿ ನಿಂತೆವು. ಹಾಜಿಯವರು ಚಹಾ ಕೊಡಿಸಿದರು. ಒಂದು ಬೈಗುಳವಿಲ್ಲ. ಸಂಜೆಯ ರೈಲಿನಲ್ಲಿ ಅವರೂ ಆಯಿಸುಮ್ಮನೂ ಬೇರೆ ಡಬ್ಬಿಯಲ್ಲಿ ನೆಂಟರ ಜೊತೆ ಕೂತರು. ನಾನು ಕಿಟಕಿಯ ಪಕ್ಕ ಕೂತೆ. ಜೈಲಿಲ್ಲ, ಕೆಲಸವೂ ಹೋಗಿಲ್ಲ ಎಂದುಕೊಳ್ಳುತ್ತಿದ್ದಂತೆ ಎಂಥ ನಿದ್ದೆ ಬಂತೆಂದರೆ, ಅಷ್ಟು ಹಗುರವಾಗಿ ನಾನು ಹುಟ್ಟಿದ ಮೇಲೆ ಮಲಗಿದ್ದಿಲ್ಲ.

ಯಾರೋ ಭುಜ ಅಲುಗಾಡಿಸಿದರು. ಎದುರಿಗೆ ಟಿಕೆಟ್ ನೋಡುವವರು. ಹೊರಗೆ ನೋಡಿದರೆ ಕಾಸರಗೋಡು ಯಾವಾಗಲೋ ಹಿಂದೆ ಸರಿದು, ರೈಲು ಕಾಞಂಗಾಡಿನಲ್ಲಿ ನಿಂತಿತ್ತು.

"ಇದು ಕಾಸರಗೋಡಿನವರೆಗಿನ ಟಿಕೆಟ್. ಇಲ್ಲಿಗೆ ಬರಲು ಕಾಗದ ಎಲ್ಲಿ?" ಎಂದು ಅವರು ಕೇಳಿದರು. ಇಂಗ್ಲಿಷಿನಲ್ಲಿ.

ನಾನು ತಲೆ ಮುಟ್ಟಿ ತೋರಿಸಿದೆ.