ಹನ್ನೊಂದು ಗಂಟೆವರೆಗೆ ಬಡವರು

ನಿರ್ಮಲಮ್ಮ: ಆಗಂಗಿಲ್ಲ ಅಂದ್ರೆ ಆಗಂಗಿಲ್ಲ! ಫ್ರಿಜ್ ಮೇಲಿನ ಕಂಬಳಿ ತೆಗೀರಿ. ಹೊನ್ನಾಳಿಯವರು ಮನೆ ನೋಡಾಕೆ ಬರೋ ಹೊತ್ತಾತು.

ಪಂಚಾಕ್ಷರಪ್ಪ: ಅವರು ಬರೋದು ಹನ್ನೊಂದಕ್ಕೆ. ಸರ್ವೆ ಮೇಡಂ ಆಗಲೇ ಜಗಲಿ ಮೇಲೆ ಕುಂತಾರೆ. ಅವರು ಹೋಗೋ ತನಕ ನಾವು ಬಡವರು. ಆಮೇಲೆ ನೀನು ಎಷ್ಟು ಬೇಕಾದ್ರೂ ಸಾವ್ಕಾರ್ತಿ ಆಗು.

ಸಂತೇಬೆನ್ನೂರಿನ ಈ ದಂಪತಿಗಳ ಮಗ ವಿನೋದನಿಗೆ ಮೂವತ್ತೆರಡು ದಾಟಿತ್ತು. ಮೆಕ್ಕೆಜೋಳ ಬೆಳೆಯುವ ಹುಡುಗನಿಗೆ ಹೆಣ್ಣು ಕೊಡುವವರು ಈಗ ಯಾರಿದ್ದಾರೆ? ಕೊನೆಗೂ ಹೊನ್ನಾಳಿಯ ಒಂದು ಸಂಬಂಧ ಮನೆ ನೋಡುವವರೆಗೆ ಬಂದಿತ್ತು. ಮನೆ ತುಂಬಿದಂತೆ ಕಾಣಲೆಂದು ಪಕ್ಕದ ಶಿವಮೂರ್ತಪ್ಪನ ಫ್ರಿಜ್ಜು, ಸೋಫಾ ನಿನ್ನೆ ಸಂಜೆಯೇ ಇಲ್ಲಿಗೆ ಬಂದಿದ್ದವು. ಸೆಗಣಿ ವಾಸನೆ ಬರಬಾರದೆಂದು ಇಲ್ಲಿಯ ಎಮ್ಮೆ ಅಲ್ಲಿಗೆ ಹೋಗಿತ್ತು. ಸರ್ವೆಯವರೂ ಇವತ್ತೇ ವಕ್ಕರಿಸುತ್ತಾರೆಂದು ಯಾವ ಪಂಚಾಂಗದಲ್ಲಿ ಬರೆದಿತ್ತು?

ಸರ್ವೆಯ ಸುಚಿತ್ರಾ ಟ್ಯಾಬ್ ಹಿಡಿದು ಒಳಗೆ ಬಂದಳು.

ಸುಚಿತ್ರಾ: ಹೆದರಬ್ಯಾಡ್ರಿ ಸರ್. ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ. ದೇಶದಾಗೆ ಯಾರ ಮನೇಲಿ ಎಷ್ಟು ಆಸ್ತಿ ಐತೆ, ಹೆಂಗೆ ಹಂಚಿಕೆ ಆಗೈತೆ ಅಂತ ತಿಳ್ಕೊಳ್ಳೋ ಸರ್ವೆ ಇದು.

ಪಂಚಾಕ್ಷರಪ್ಪ: ನಮ್ಮ ಪಾಲಿಂದು ಇನ್ನೂ ಬಂದಿಲ್ಲ ಅಂತ ಬರ್ಕೊಳ್ರಿ.

ಸುಚಿತ್ರಾ: ಫ್ರಿಜ್ ಐತಾ?

ಪಂಚಾಕ್ಷರಪ್ಪ: ಇಲ್ಲ.

ಸುಚಿತ್ರಾ: ಕಂಬಳಿ ಒಳಗೆ ಗುರ್ ಅಂತೈತಲ್ರಿ?

ಪಂಚಾಕ್ಷರಪ್ಪ: ಅದು ಪಕ್ಕದ ಮನೇದು. ಬೇಕಾದ್ರೆ ಅವನ ಬಾಯಾಗೇ ಕೇಳ್ರಿ. ಏ ಶಿವಮೂರ್ತಪ್ಪಾ! ಸರ್ವೆ ಮೇಡಂ ಕೇಳ್ತಾರೆ, ಈ ಫ್ರಿಜ್ ನಿಂದೇ ತಾನೇ?

ಗೋಡೆಯಾಚೆಯ ಶಿವಮೂರ್ತಪ್ಪನಿಗೂ ಬಿಪಿಎಲ್ ರೇಷನ್ ಕಾರ್ಡ್ ಇತ್ತು.

ಶಿವಮೂರ್ತಪ್ಪ: ಯಾವ ಫ್ರಿಜ್ಜಪ್ಪಾ? ನಮ್ಮನೇಲಿ ಫ್ರಿಜ್ಜೇ ಇಲ್ಲ! ಈ ಎಮ್ಮೇನೂ ನಂದಲ್ಲ, ಬರ್ಕೊಳ್ರಿ!

ನಿರ್ಮಲಮ್ಮ: ಕೇಳಿದ್ರಾ? ಊರೆಲ್ಲ ಕೇಳಂಗೆ ಬಿಟ್ಟುಕೊಟ್ಟ. ಇನ್ಮೇಲೆ ಫ್ರಿಜ್ ನಮ್ದೇ!

ಪಂಚಾಕ್ಷರಪ್ಪ: ಸುಮ್ಕಿರೇ! ಅವರು ಟಕ್ ಅಂತ ಒತ್ತಿಬಿಟ್ಟಾರು.

ಸುಚಿತ್ರಾ: ಸರ್, ಹಿಂಗಾದ್ರೆ ಹೆಂಗೆ? ಫ್ರಿಜ್ ಯಾರದ್ದು ಅಂತ ಹಾಕ್ಲಿ?

ಪಂಚಾಕ್ಷರಪ್ಪ: ದೇಶದ ಸರ್ವೆ ಅಂದ್ರಲ್ಲ, ದೇಶದ್ದೇ ಅಂತ ಹಾಕ್ರಿ.

ಅಷ್ಟರಲ್ಲಿ ಬಾಗಿಲಿಗೆ ಬಿಳಿ ಕಾರೊಂದು ಬಂದು ನಿಂತಿತು. ನಿರ್ಮಲಮ್ಮ ಕಂಬಳಿಯನ್ನು ಸರಕ್ಕನೆ ಎಳೆದು ಒಳಕ್ಕೆಸೆದಳು. ಹೆಣ್ಣಿನ ಅಪ್ಪ ಮಲ್ಲಿಕಾರ್ಜುನಪ್ಪ ಕಾರಿನಿಂದ ಇಳಿದು ಜಗಲಿ ಹತ್ತಿದರು.

ಸುಚಿತ್ರಾ: ಕೊನೇದಾಗಿ ಹೇಳಿಬಿಡ್ರಿ ಸರ್. ಫ್ರಿಜ್ ನಿಮ್ದಲ್ಲ, ಸೋಫಾನೂ ನಿಮ್ದಲ್ಲ...

ಪಂಚಾಕ್ಷರಪ್ಪ ಲೆಕ್ಕ ಹಾಕಿದ. ನಮ್ಮದಲ್ಲವೆಂದರೆ ಮಗನ ಮದುವೆ ಮುರಿಯುತ್ತದೆ, ನಮ್ಮದೆಂದರೆ ಕಾರ್ಡು ಹೋಗುತ್ತದೆ. ಹಾಳಾಗಿ ಹೋಗಲಿ ಕಾರ್ಡು ಎಂದುಕೊಂಡು ಬಾಯಿ ತೆರೆದ. ಆದರೆ ಹೊಸಿಲಲ್ಲಿ ನಿಂತ ಮಲ್ಲಿಕಾರ್ಜುನಪ್ಪ ಸುಚಿತ್ರಾಳನ್ನು ನೋಡಿ ಅವನಿಗಿಂತ ಹೆಚ್ಚು ಬೆವರುತ್ತಿದ್ದರು.

ಮಲ್ಲಿಕಾರ್ಜುನಪ್ಪ: ಮೇಡಂ! ನೀವು ಇಲ್ಲಿಗೂ ಬಂದ್ರಾ? ಹೋದ ವಾರ ನಮ್ಮನೇಲಿ ನಾನು ಬರೆಸಿದ್ದು... ಕಾರಿಲ್ಲ ಅಂತ... ಇಲ್ಲಿ ಏನೂ...

ಸುಚಿತ್ರಾ: ಒಬ್ಬರ ಮನೆ ವಿಷ್ಯ ಇನ್ನೊಬ್ಬರ ಮನೇಲಿ ಹೇಳಂಗಿಲ್ಲ ಸರ್. ನಾನು ಬಾಯಿ ಬಿಡಂಗಿಲ್ಲ.

ಇನ್ನು ಅವಳು ಬಾಯಿ ಬಿಡುವುದೇನೂ ಉಳಿದಿರಲಿಲ್ಲ. ನಿರ್ಮಲಮ್ಮ ಹೊರಗಿನ ಕಾರನ್ನೊಮ್ಮೆ, ಮಲ್ಲಿಕಾರ್ಜುನಪ್ಪನನ್ನೊಮ್ಮೆ ನೋಡಿದಳು. ಬೆಳಗಿನಿಂದ ಬಿಗಿದಿದ್ದ ಅವಳ ಮುಖ ಸಡಿಲವಾಯಿತು.

ನಿರ್ಮಲಮ್ಮ: ಒಳಗೆ ಬರ್ರಿ, ಕುಂತ್ಕಳ್ರಿ. ಕುಡಿಯಾಕೆ ನೀರು ಫ್ರಿಜ್ಜಿಂದು ತರ್ಲಾ, ಗಡಿಗೇದು ತರ್ಲಾ?

ಮಲ್ಲಿಕಾರ್ಜುನಪ್ಪ ಸೋಫಾದ ಅಂಚಿಗೆ ಹುಷಾರಾಗಿ ಕುಳಿತು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ನಕ್ಕರು.

ಮಲ್ಲಿಕಾರ್ಜುನಪ್ಪ: ಗಡಿಗೇದೇ ತರ್ರಿ ಬೀಗರೇ. ಅದಾದ್ರೂ ನಿಮ್ದೇ ಇರಬೇಕಲ್ಲ!