ಸೀಲಂಟ್ ಮ್ಯಾಲ ವ್ಯಾಕ್ಸ್ ಯಾಕ?

ಗಾಡಿ ತೊಳಿಯೋನ ಹತ್ರ ಮಂದಿ ಗಾಡಿ ಒಂದ ತರೂದಿಲ್ಲ, ಬುದ್ಧಿವಾದನೂ ತರ್ತಾರ. ಹೆಂಡತಿ ತೀರಿಕೊಂಡ ಮ್ಯಾಲ ಗಾಡಿ ಅಷ್ಟ ಅವ, ಬುದ್ಧಿವಾದ ಹೆಚ್ಚಾಗೇದ.

ಶಹಾಪುರದಾಗ, ಸುರಪುರ ರೋಡಿಗೆ ನನ್ನ ಅಂಗಡಿ. ಕಾರು ತೊಳದು ಮೊದಲು ಸೀಲಂಟ್ ಹಚ್ಚತೀನಿ. ಅದು ಬಣ್ಣ ಕಾಯತದ. ಒಂದು ರಾತ್ರಿ ಒಣಗಬೇಕು. ಮರುದಿನ ಅದರ ಮ್ಯಾಲ ವ್ಯಾಕ್ಸ್. ಅದು ಹೊಳಪು ಕೊಡತದ. ಸೀಲಂಟ್ ನನ್ನ ಕೆಲಸ, ವ್ಯಾಕ್ಸ್ ಆಕೀದು ಇತ್ತು. ಈಗ ಎರಡೂ ನಂದ. "ಒಬ್ಬನ ಕೈಲೆ ಆಗೂದಿಲ್ಲ, ಬಂದ್ ಮಾಡು" ಅಂತಾರ ಎಲ್ಲಾರೂ.

ಮಾಡೂದಿಲ್ಲ.

೧. ಬನಿಯನ್

ಭೀಮರಾಯನಗುಡಿಯಿಂದ ಒಬ್ಬ ಸಾಹೇಬರು ಬಂದ್ರು.

"ಎರಡೆರಡು ಯಾಕಪಾ? ಈಗ ಒಬ್ಬನ ಇದ್ದೀ. ಒಂದ ಹಚ್ಚಿ ಕೊಟ್ಬಿಡು."

"ಅಂಗಿ ಒಳಗ ಬನಿಯನ್ ಯಾಕ ಹಾಕ್ಕೋತೀರಿ ಸಾಹೇಬ್ರ?"

"ನಾ ಹಾಕ್ಕೊಳ್ಳೂದಿಲ್ಲ. ಈ ಬಿಸಲಾಗ ಯಾರು ಹಾಕ್ಕೋತಾರ?"

ಬೆವರಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. "ಒಂದ ಪದರ ಆದ್ರ ಹಿಂಗ ಆಗತದ ನೋಡ್ರಿ" ಅಂದೆ.

ಸಾಹೇಬರು ಎರಡೂ ಹಚ್ಚಿಸಿಕೊಂಡ್ರು. ಮರುದಿನ ಕಾರು ಒಯ್ಯಾಕ ಬಂದಾಗ ಅಂಗಿ ಒಳಗ ಹೊಸ ಬನಿಯನ್ ಇತ್ತು.

೨. ಮಾತಾಡಸಾಕ ಬಂದವರು

ಆಕಿ ದಿನಕರ್ಮ ಮುಗದ ಮರುದಿನ ಅಂಗಡಿ ತೆಗದೆ. ವನದುರ್ಗದಿಂದ ದೂರದ ಸಂಬಂಧದ ಕಾಕಾ ಒಬ್ಬರು ಮಾತಾಡಸಾಕ ಬಂದ್ರು. ಮನಿಗೆ ಕೀಲಿ ಹಾಕಿತ್ತು, ನೆಟ್ಟಗ ಅಂಗಡಿಗೇ ಬಂದು ಬೈದ್ರು.

"ನಾಚಿಕಿ ಇಲ್ಲೇನೋ? ಫೋಟೋದ ಮ್ಯಾಲಿನ ಹೂವು ಇನ್ನಾ ಬಾಡಿಲ್ಲ, ಅಂಗಡಿ ತೆಗದೀಯಲ್ಲ! ಮಂದಿ ಏನಂದಾರು?"

"ಏನರೆ ಅನ್ಲಿ ಕಾಕಾ. ಮನ್ಯಾಗ ಕುಂತ್ರ ನಾನೂ ಬಾಡತೀನಿ."

ಕಾಕಾ ಕಣ್ಣು ಒರಸಿಕೊಂಡ್ರು. ತಮ್ಮ ಕಾರಿನ ಕಡಿ ನೋಡಿದ್ರು.

"ಹೆಂಗೂ ತೆಗದೀ. ವನದುರ್ಗದ ಧೂಳು ಕುಂತದ, ಒಂದೀಟು ನೀರು ಹೊಡಿ."

"ಸೀಲಂಟ್, ವ್ಯಾಕ್ಸ್?"

"ಎರಡೂ ಹಚ್ಚಿಬಿಡು, ರಾತ್ರಿ ಇಲ್ಲೇ ಇರತೀನಿ. ದುಃಖದ ಮನಿಗೆ ಮತ್ತ ಮತ್ತ ಬರಬಾರದು."

೩. ಕುಂಕುಮ

ಸುರಪುರದ ವ್ಯಾಪಾರಿ ಒಬ್ಬಂದು ಹೊಸಾ ಬಿಳಿ ಕಾರು. ಸೀಲಂಟ್ ಹಚ್ಚಿ, "ಹಸಿ ಅದ, ಮುಟ್ಟಬ್ಯಾಡ್ರಿ" ಅಂತ ಹೇಳಿ ಚಹಾ ಕುಡಿಯಾಕ ಹೋದೆ. ಬರೂದ್ರಾಗ ಅವನ ಅವ್ವ ಬಾನೆಟ್ ಮ್ಯಾಲ ಕುಂಕುಮದಾಗ ದೊಡ್ಡ ಸ್ವಸ್ತಿಕ ಬರದಿದ್ಲು. ಒರಸಿದೆ. ಹೋಗಲಿಲ್ಲ.

"ಮುಟ್ಟಬ್ಯಾಡ ಅಂದಿದ್ದೆ ಅವ್ವಾ."

"ನಾ ಎಲ್ಲಿ ಮುಟ್ಟೀನಿ? ದೇವರು ಮುಟ್ಟ್ಯಾನ."

ಮಗ ಅಂದ, "ಹೆಂಗರೆ ಮಾಡಿ ತೆಗೀರಿ." ಅವ್ವ ಅಂದ್ಲು, "ತೆಗದ್ರ ನಾ ಈ ಕಾರು ಹತ್ತೂದಿಲ್ಲ."

ಮರುದಿನ ಅದರ ಮ್ಯಾಲ ವ್ಯಾಕ್ಸ್ ಹಚ್ಚಿ ಕೊಟ್ಟೆ. ಈಗ ಎದುರು ಬರೋ ಲಾರಿಯವರು ಕೈ ಮುಗದು ದಾರಿ ಬಿಡತಾರಂತ. ಹಿಂದ ಕುಂತ ಅವ್ವ ಕೈ ಎತ್ತಿ ಆಶೀರ್ವಾದ ಮಾಡತಾಳಂತ.

೪. ವರ ನೋಡಾಕ ಬಂದವರು

ಮುದನಾಳದ ನಮ್ಮ ಅಕ್ಕಂದು ಒಂದ ಹಟ. ಅಂಗಡಿ ಮುಚ್ಚಿಸಬೇಕು, ನನಗ ಇನ್ನೊಂದು ಲಗ್ನ ಮಾಡಬೇಕು. ಒಂದಿನ ಹೇಳದ ಕೇಳದ ಹೆಣ್ಣಿನ ತಮ್ಮನ್ನ ಕರಕೊಂಡು, ಅವನ ಕಾರಿನಾಗ ಅಂಗಡಿಗೇ ಬಂದ್ಲು.

"ಕಾರಿಗೆ ಒಂದರ ಮ್ಯಾಲ ಒಂದು ಹಚ್ಚತೀ. ನಿನಗ ಮಾತ್ರ ಒಂದ ಸಾಕೇನು?"

"ಕಾರಿಗೆ ಒಂದು ರಾತ್ರಿ ಸಾಕು ಅಕ್ಕಾ. ನನಗ ಸಾಲೂದಿಲ್ಲ."

ಅಕ್ಕ ಅತ್ತಳು, ಬೈದಳು. ಅಂಗಡಿ ಮುಚ್ಚಂದ್ಲು. ನಾ ಒಲ್ಲೆ ಅಂದೆ. ಬಂದ ಹುಡುಗ, ನಾ ವ್ಯಾಕ್ಸ್ ಹಚ್ಚಿಟ್ಟಿದ್ದ ಕರಿ ಕಾರಿನ ಬಾಗಿಲದಾಗ ತನ್ನ ಮೀಸಿ ನೋಡಿಕೊಳ್ಳಾಕತ್ತಿದ್ದ. ತಿರುವಿದ. ಬಗ್ಗಿ ಮತ್ತ ನೋಡಿದ.

"ಮಾವಾರ," ಅಂದ. ಸಂಬಂಧ ಆಗೋ ಮೊದಲ ಮಾವ ಅಂದುಬಿಟ್ಟ. "ನಮ್ಮ ಕಾರಿಗೂ ಹಿಂಗ ಹೊಳಪು ಬರತದೇನ್ರಿ?"

"ಬರತದ. ರಾತ್ರಿ ಇಲ್ಲೇ ಬಿಡಬೇಕು."

ಕೀಲಿ ಕೊಟ್ಟುಬಿಟ್ಟ. ಅಂಗಡಿ ಮುಚ್ಚೋ ಮಾತೂ ಇಲ್ಲ, ಲಗ್ನದ ಮಾತೂ ಇಲ್ಲ. ಯಾವ ಬಣ್ಣದ ಕಾರಿಗೆ ಹೆಚ್ಚು ಹೊಳೀತದ ಅಂತ ಕೇಳಕೋತ ನಿಂತ. ಅಕ್ಕ ಅವನ ರಟ್ಟಿ ಹಿಡದು ಬಸ್‌ಸ್ಟ್ಯಾಂಡಿನ ಕಡಿ ನಡದ್ಲು. ರೋಡ್ ದಾಟಿ, ತಿರುಗಿ ನಿಂತು ಒದರಿದ್ಲು:

"ಬೀಗರು ಆಗ್ಲಿ ಅಂತ ಕರಕೊಂಡು ಬಂದ್ರ, ಗಿರಾಕಿ ಮಾಡಿಕೊಂಡ್ಯಲ್ಲೋ ಮೂಳ!"