ಓದಬಾರದ ದಿನ ಬಂದ ಸಾಹೇಬರು

ಹಳೇಬೀಡಿನಿಂದ ಹುಲಿಕೆರೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿನ ಪಂಚಾಯ್ತಿ ಲೈಬ್ರರಿಯನ್ನು ನೋಡಿಕೊಳ್ಳುವವಳು ನಾನು. ವರ್ಷವೆಲ್ಲ ಹೇಗೋ ಮಾನದಿಂದ ಬದುಕುತ್ತೇನೆ. ಗೌರಿ ಹಬ್ಬ ಬಂತೆಂದರೆ ದಸರೆ ಮುಗಿಯುವವರೆಗೂ ನನಗೆ ನಾಚಿಕೆಯ ಸುಗ್ಗಿ. ತಲೆ ತಗ್ಗಿಸುವ ಪ್ರಸಂಗಗಳು ನನ್ನ ವಿಳಾಸ ಕೇಳಿಕೊಂಡೇ ಬರುತ್ತವೆ.

ಈ ಸಲವಂತೂ ಲೈಬ್ರರಿಯೇ ಕೈತಪ್ಪುವ ಹಾಗಿತ್ತು. ನಮ್ಮ ಕೋಣೆಯ ಮೇಲೆ ಹಾಲಿನ ಡೈರಿಯವರ ಕಣ್ಣು ಬಿದ್ದಿತ್ತು. "ಓದೋರೇ ಇಲ್ಲದ ಮೇಲೆ ಅಷ್ಟು ದೊಡ್ಡ ಕೋಣೆ ಯಾಕ್ರೀ?" ಎಂದು ಪಂಚಾಯ್ತಿ ಅಧ್ಯಕ್ಷೆ ಕೇಳಿಯೂ ಬಿಟ್ಟರು. ದಸರೆ ಮುಗಿದ ಮೇಲೆ ತಾಲ್ಲೂಕಿನಿಂದ ಸಾಹೇಬರು ಬಂದು ನೋಡಿ ವರದಿ ಬರೆಯುವುದೆಂದು ತೀರ್ಮಾನವಾಯಿತು. ಓದುವವರು ಕಂಡರೆ ಲೈಬ್ರರಿ ಉಳಿಯುತ್ತದೆ. ಕಾಣದಿದ್ದರೆ ಪುಸ್ತಕಗಳೆಲ್ಲ ಗೊಬ್ಬರದ ಗೋಡೌನಿಗೆ.

ಕುರ್ಚಿಗಳು

ಗಣೇಶನ ಪೆಂಡಾಲಿನವರು ಬಂದು ಕುರ್ಚಿ ಕೇಳಿದರು. ದೇವರ ಕೆಲಸಕ್ಕೆ ಇಲ್ಲ ಅನ್ನಲಾದೀತೇ? ಅಷ್ಟನ್ನೂ ಕೊಟ್ಟೆ. ಮರುದಿನ ಬೆಳಿಗ್ಗೆ ಪೇಪರ್ ಓದುವವರು ಎಂದಿನಂತೆ ಬಂದರು, ಬರೀ ನೆಲ ನೋಡಿದರು, ಪೇಪರ್ ಎತ್ತಿಕೊಂಡು ಪೆಂಡಾಲಿಗೆ ಹೋಗಿ ಕೂತರು. ಅಧ್ಯಕ್ಷೆಯೂ ಅವತ್ತೇ ಬರಬೇಕೆ? ಖಾಲಿ ಕೋಣೆಯಲ್ಲಿ ನಾನೊಬ್ಬಳೇ ಪೊರಕೆ ಹಿಡಿದು ನಿಂತಿದ್ದೆ.

"ಎಲ್ರೀ ನಿಮ್ಮ ಓದುಗರು?"

"ಬನ್ನಿ ಮೇಡಂ, ತೋರಿಸ್ತೀನಿ," ಎಂದು ಪೆಂಡಾಲಿಗೆ ಕರೆದುಕೊಂಡು ಹೋದೆ. ಗಣೇಶನ ಎದುರು ಸಾಲಾಗಿ ಕೂತು ಎಲ್ಲರೂ ಓದುತ್ತಿದ್ದರು. ನಾನು ಹೆಮ್ಮೆಯಿಂದ "ನೋಡಿ" ಅಂದೆ. ಮುಂದಿನ ಸಾಲಿನಲ್ಲಿದ್ದ ರಿಟೈರ್ಡ್ ಕಂಡಕ್ಟರ್ ಪೇಪರಿನಿಂದ ತಲೆ ಎತ್ತಲೂ ಇಲ್ಲ.

"ಆ ಕೋಣೆ ಡೈರಿಗೇ ಕೊಟ್ಬಿಡಿ ಅಮ್ಮಾವ್ರೇ. ನಮ್ಗೇನು, ಕುರ್ಚಿ ಎಲ್ಲೈತೋ ಅಲ್ಲೇ ಲೈಬ್ರರಿ!"

ಪಕ್ಷದಲ್ಲಿ ಸದಸ್ಯತ್ವ

ಹೊಸ ಸದಸ್ಯರನ್ನಾದರೂ ಸೇರಿಸೋಣವೆಂದು ಮನೆಮನೆಗೆ ಹೊರಟೆ. ಬುದ್ಧಿ ಎಲ್ಲಿಟ್ಟಿದ್ದೆನೋ, ಹೊರಟಿದ್ದು ಪಿತೃಪಕ್ಷದಲ್ಲಿ. ಪಕ್ಷದಲ್ಲಿ ನಮ್ಮ ಕಡೆ ಹೊಸ ಪೊರಕೆಯನ್ನೂ ಮನೆಗೆ ತರುವುದಿಲ್ಲ. ಮೊದಲು ತಟ್ಟಿದ್ದು ಅಧ್ಯಕ್ಷೆಯ ಮನೆಯ ಬಾಗಿಲು. ತೆರೆದವರು ಅವರ ಅತ್ತೆ. ಊರಿನ ಶಾಸ್ತ್ರ ಸಂಪ್ರದಾಯಕ್ಕೆಲ್ಲ ಈ ಅಜ್ಜಿಯದೇ ಕೊನೆಯ ಮಾತು.

"ಲೈಬ್ರರಿಗೆ ಸೇರ್ಕೊಳ್ಳಿ ಅಜ್ಜಿ."

"ಪಕ್ಷದಲ್ಲಿ ಹೊಸದಾಗಿ ಯಾವುದಕ್ಕಾದ್ರೂ ಸೇರ್ತಾರೇನವ್ವ?"

"ಹೊಸದೇನೂ ಇಲ್ಲ ಅಜ್ಜಿ, ನಮ್ಮಲ್ಲಿರೋದೆಲ್ಲ ಹಳೇ ಪುಸ್ತಕಗಳೇ," ಎಂದು ಜಾಣತನ ತೋರಿಸಿದೆ.

ಅಜ್ಜಿ ಒಳಗೆ ತಿರುಗಿ ಸೊಸೆಗೆ ಕೂಗಿ ಹೇಳಿದರು: "ಕೇಳ್ದೇನೇ? ಬರೀ ಹಳೇವೇ ಅಂತೆ! ಗೋಡೌನೇ ಸರಿ ಕಣೇ ಅವಕ್ಕೆ!"

ಟೇಪು

ಅದಾದ ಕೆಲವೇ ದಿನಕ್ಕೆ ಅಳತೆಯ ಟೇಪು ಹಿಡಿದು ಒಬ್ಬರು ಬಂದರು. ಇನ್ನಷ್ಟು ಪುಸ್ತಕದ ಬೀರು ಬೇಕೆಂದು ನಾನು ಹಿಂದೊಮ್ಮೆ ಮೇಲಿನವರನ್ನು ಕೇಳಿದ್ದೆ, ಅದಕ್ಕೇ ಬಂದರೆಂದು ಹಿಗ್ಗಿ ಹೋದೆ. ಕಾಫಿ ಕೊಟ್ಟೆ. ಟೇಪಿನ ಇನ್ನೊಂದು ತುದಿ ಹಿಡಿದು ಗೋಡೆಯಿಂದ ಗೋಡೆಗೆ ಓಡಾಡಿದೆ.

"ಈ ಕಿಟಕಿ ಕೆಳಗೂ ಒಂದು ಸಾಲು ಇರಲಿ ಸಾರ್, ಮಕ್ಕಳ ಕೈಗೆ ಎಟುಕಬೇಕು," ಅಂದೆ.

"ಮಕ್ಕಳ ಕೈಗಾ? ಬೇಡಿ ಮೇಡಂ, ಹಾಲು ಚೆಲ್ಬಿಡ್ತಾರೆ!"

ಸರಸ್ವತಿ ಪೂಜೆ

ಇನ್ನು ದೇವರೇ ಗತಿ ಅನ್ನಿಸಿತು. ನವರಾತ್ರಿಯಲ್ಲಿ ಲೈಬ್ರರಿಯಲ್ಲೇ ಸರಸ್ವತಿ ಪೂಜೆ ಇಟ್ಟುಕೊಂಡೆ. ಅಜ್ಜಿಯನ್ನೇ ಮುಂದೆ ಬಿಟ್ಟೆ. ಶಾಸ್ತ್ರವೆಂದ ಮೇಲೆ ಅವರು ಹಿಂದೆ ಉಳಿಯುತ್ತಾರೆಯೇ? ಬೀರುಗಳಲ್ಲಿದ್ದ ಪುಸ್ತಕಗಳನ್ನೆಲ್ಲ ಇಳಿಸಿ ಪೇರಿಸಿದರು, ಮೇಲೆ ರೇಷ್ಮೆ ವಸ್ತ್ರ ಹೊದಿಸಿದರು. ಎಷ್ಟು ಕೇಳಿದರೂ ಹಿಂದಿರುಗಿಸದ ಭೂಪರೂ ಪುಸ್ತಕ ಕಣ್ಣಿಗೊತ್ತಿಕೊಂಡು ತಂದಿಟ್ಟರು. ಹೀಗೆ ಇಟ್ಟ ಮೇಲೆ ವಿಜಯದಶಮಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಕೋಣೆಯ ತುಂಬ ಜನ ಕೈಮುಗಿದು ಕೂತಿದ್ದರು. ಅಷ್ಟು ಜನರನ್ನು ಅಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ.

ಆಗ ಜೀಪು ಬಂದು ನಿಂತಿತು. ದಸರೆ ಮುಗಿದ ಮೇಲೆ ಬರಬೇಕಿದ್ದ ಸಾಹೇಬರು ಬೇಲೂರಿಗೆ ವಾಪಸ್ ಹೊರಟವರು ಹಾಗೇ ಇಳಿದಿದ್ದರು.

"ಪರವಾಗಿಲ್ಲ, ಜನ ಇದಾರೆ. ಆದರೆ ಯಾಕೆ ಯಾರೂ ಓದ್ತಿಲ್ಲ?"

"ಇವತ್ತು ಓದಬಾರದು ಸಾರ್," ಅಂದೆ. ಲೈಬ್ರರಿಯವಳ ಬಾಯಿಂದಲೇ ಈ ಮಾತು ಬಂತಲ್ಲ ಎಂದು ಕಿವಿಯವರೆಗೂ ಬಿಸಿಯಾಯಿತು.

"ಇವತ್ತಿನ ಪೇಪರಾದರೂ?" ಎಂದು ಹುಡುಕಿದರು. ಅದೂ ರಾಶಿಯೊಳಗೆ ಸೇರಿ ಕುಂಕುಮ ಹಚ್ಚಿಸಿಕೊಂಡಿತ್ತು.

"ಅದ್ರಲ್ಲೂ ಅಕ್ಷರ ಐತಲ್ಲ ಸ್ವಾಮಿ," ಅಂದರು ಅಜ್ಜಿ.

ಸಾಹೇಬರ ಮುಖ ಕೆಂಪಾಯಿತು. ಜೇಬಿನಿಂದ ಪೆನ್ನು ತೆಗೆದರು. "ಇದನ್ನೇ ಬರೀತೀನಿ. ಲೈಬ್ರರಿಯಲ್ಲಿ ಓದೋದು ನಿಷೇಧ ಅಂತ!"

ಅಜ್ಜಿ ತಟ್ಟೆ ಮುಂದೆ ಹಿಡಿದರು. "ಬರೆಯೋದೂ ಉಂಟಾ ಸ್ವಾಮಿ? ಪೆನ್ನನ್ನೂ ಇಡಿ."

ಕೂತವರೆಲ್ಲ ಸಾಹೇಬರನ್ನೇ ನೋಡಿದರು. ಊರವರ ಎದುರಿಗೆ ಸರಸ್ವತಿಗೆ ಇಲ್ಲ ಅನ್ನುವ ಎದೆಗಾರಿಕೆ ಯಾರಿಗಿದೆ? ಪೆನ್ನು ತಟ್ಟೆಗೆ ಬಿತ್ತು. ವರದಿಯಿಲ್ಲದೆ ಸಾಹೇಬರು ಉಸ್ಲಿ ತಿಂದು ಹೊರಟರು.

ವಿಜಯದಶಮಿಯ ಬೆಳಿಗ್ಗೆ ಪೆನ್ನು ತೆಗೆದುಕೊಳ್ಳಲು ಬಂದರು. ಅವತ್ತಿನ ಶಾಸ್ತ್ರ ತಿರುಗಾಮುರುಗ: ಪೂಜೆಗಿಟ್ಟ ಪುಸ್ತಕ ತೆಗೆದವರು ಒಂದು ಪುಟವಾದರೂ ಓದದೆ ಏಳುವಂತಿಲ್ಲ. ಕುರ್ಚಿಯ ಮೇಲೆ, ನೆಲದ ಮೇಲೆ, ಮೆಟ್ಟಿಲ ಮೇಲೆ ಕೂತು ಊರಿಗೆ ಊರೇ ಗಟ್ಟಿಯಾಗಿ ಓದುತ್ತಿತ್ತು. ಸಾಹೇಬರು ಬಾಗಿಲಲ್ಲೇ ನಿಂತುಬಿಟ್ಟರು. ಮನಸಾರೆ ಸಂತೋಷಪಡಬೇಕಾದ ನಾನು ಕಂಬದ ಮರೆಗೆ ಸರಿದೆ. ಇದು ನನ್ನ ಸಾಧನೆಯಲ್ಲ, ಪಂಚಾಂಗದ್ದು ಎಂದು ನನಗೆ ಗೊತ್ತಿತ್ತಲ್ಲ!

ಅಜ್ಜಿ ಕುಂಕುಮ ಹತ್ತಿದ ಪೆನ್ನನ್ನು ಸಾಹೇಬರ ಕೈಗಿಟ್ಟರು. "ಇವತ್ತು ಮೊದಲು ಬರೆಯೋದು ಒಳ್ಳೇದಿರಬೇಕು ಸ್ವಾಮಿ. ಕೆಟ್ಟದ್ದು ಬರೆದ್ರೆ ವರ್ಷವೆಲ್ಲ ಕೈಯಿಂದ ಅದೇ ಬರ್ತದೆ. ಸರಸ್ವತಿ ಕೂತ ಜಾಗದಲ್ಲಿ ಹಾಲಿನ ಕ್ಯಾನು ಇಡಿಸೋ ಮಾತು ಬೇಡ."

ಸಾಹೇಬರು ಪೆನ್ನನ್ನೊಮ್ಮೆ ನೋಡಿದರು, ಅಜ್ಜಿಯನ್ನೊಮ್ಮೆ ನೋಡಿದರು. 'ಲೈಬ್ರರಿ ಇದೇ ಕೋಣೆಯಲ್ಲಿ ಮುಂದುವರಿಯಲಿ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಕಂಬದ ಮರೆಯಲ್ಲಿದ್ದ ನನ್ನ ಕಡೆ ತಿರುಗಿದರು.

"ಬರೆದದ್ದಂತೂ ಆಯ್ತು. ಈಗ ಹೇಳಿ ಮೇಡಂ, ಇಷ್ಟು ಜನ ದಿನಾ ಬಂದು ಓದ್ತಾರಾ?"

ನೆಲ ನೋಡುತ್ತಲೇ ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ನಮ್ಮಿಬ್ಬರ ನಡುವೆ ಬಂದು ನಿಂತರು.

"ಅದನ್ನ ನಾಳೆ ಕೇಳಿ ಸ್ವಾಮಿ. ಹಬ್ಬದ ದಿನ ಹೆಣ್ಮಗಳ ಬಾಯಲ್ಲಿ ಸುಳ್ಳು ಹೇಳಿಸ್ಬೇಡಿ!"